ಜಪಾನಿನ ಕೆಲಸ, ಆಟೋನಗರದ ನೌಕರಿ

ಬ್ಯಾಂಕಿನವನ ಹೆಂಡತಿಗೆ ಸಿಗುವ ನೌಕರಿಗಳಿಗೆಲ್ಲ ಒಂದೇ ಕಾಯಿಲೆ: ಗಂಡನ ವರ್ಗಾವಣೆ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದ ನನ್ನವಳು ಹೋದ ಹೋದ ಊರಲ್ಲಿ ಒಂದೊಂದು ಕೆಲಸ ಹಿಡಿದಳು, ನನಗೆ ಆರ್ಡರ್ ಬಂದಾಗಲೆಲ್ಲ ಬಿಟ್ಟಳು. ತೊಂಬತ್ತರ ದಶಕದ ನಡುವೆ ನಾವು ವಿಶಾಖಪಟ್ಟಣಕ್ಕೆ ಬಂದಾಗ, 'ಇದ ಕಡೀದು ನೋಡ್ರಿ. ಈ ಸಲ ಸಿಕ್ಕಿದ್ದನ್ನ ನಾ ಬಿಡಂಗಿಲ್ಲ' ಎಂದಳು.

ಸಿಕ್ಕಿದ್ದು ಜಪಾನಿನ ಒಂದು ಕಂಪನಿಯ ಕೆಲಸ. ಇಲ್ಲಿ ಹಡಗು ಹತ್ತುವ ಸೀಗಡಿ ಕೆಟ್ಟಿದೆಯೋ ಇಲ್ಲವೋ ಪರೀಕ್ಷಿಸಲು ಅವರಿಗೆ ಒಬ್ಬರು ಬೇಕಿತ್ತು. ಸೋಮವಾರ ಈರುಳ್ಳಿಯನ್ನೂ ಮುಟ್ಟದ ನಮ್ಮ ಮನೆಯಿಂದಲೇ ಆ ಆಯ್ಕೆ ನಡೆಯಿತು.

'ತಿನ್ನೂದಲ್ಲರಿ, ನೋಡೂದು ಅಷ್ಟ' ಎಂದಳು.

ನನಗೆ ಸೀಗಡಿಯ ಚಿಂತೆ ಇರಲಿಲ್ಲ, ಕಾಯ್ದೆಯ ಚಿಂತೆ ಇತ್ತು. ವಿದೇಶಿ ಕಂಪನಿ ಇಲ್ಲಿ ಸಿಬ್ಬಂದಿ ಇಟ್ಟುಕೊಳ್ಳಬೇಕೆಂದರೆ, ಬ್ಯಾಂಕುಗಳಿಗೆಲ್ಲ ಬ್ಯಾಂಕಾದ ದೊಡ್ಡವರ ಅನುಮತಿ ಪಡೆದು ಒಂದು ಸಂಪರ್ಕ ಕಚೇರಿ ತೆರೆಯಬಹುದಿತ್ತು. ಆ ಕಚೇರಿ ಪತ್ರ ಬರೆಯಬಹುದು, ಬಂದವರಿಗೆ ಚಹಾ ಕೊಡಬಹುದು, ಆದರೆ ಒಂದು ಪೈಸೆಯನ್ನೂ ಗಳಿಸಕೂಡದು. ಇಂಥ ಸಾಧನೆ ನಮ್ಮ ಶಾಖೆಗೆ ಮಾತ್ರ ಸಾಧ್ಯವೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅದು ಬೇಡವೆಂದರೆ, ಇಲ್ಲಿಯ ಯಾವುದಾದರೂ ಸಂಸ್ಥೆ ಆ ವ್ಯಕ್ತಿಯನ್ನು ತನ್ನ ನೌಕರರಲ್ಲಿ ಸೇರಿಸಿಕೊಂಡು, ಸಂಬಳ, ಪಿ.ಎಫ್. ಎಲ್ಲ ತಾನೇ ಕೊಟ್ಟು, ತಪಾಸಣೆಯ ಶುಲ್ಕವೆಂದು ವಿದೇಶಕ್ಕೆ ಬಿಲ್ಲು ಕಳಿಸಬೇಕು.

ಜಪಾನಿನವರು ಎರಡನೆಯ ದಾರಿ ಹಿಡಿದರು. ಅವರಿಗೆ ಈ ಕಡೆ ಪರಿಚಯವಿದ್ದವರು ಒಬ್ಬರೇ, ವಿಜಯವಾಡದ ಆಟೋನಗರದಲ್ಲಿ ಮೀನು ಸಾಗಿಸುವ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ ಯಜಮಾನರು. ಹಾಗಾಗಿ ಚಿನ್ನದ ಪದಕದವಳು ಕೆಲಸದಲ್ಲಿ ಜಪಾನಿನವಳು, ಕಾಗದದಲ್ಲಿ ಲಾರಿ ಶೆಡ್ಡಿನವಳು.

ಸಹಿ ಹಾಕಲು ಇಬ್ಬರೂ ವಿಜಯವಾಡಕ್ಕೆ ಹೋದೆವು. ವೆಲ್ಡಿಂಗ್ ಕಿಡಿಗಳ ನಡುವೆ ಅವಳು ಮಂಜುಗಡ್ಡೆಯ ಪೆಟ್ಟಿಗೆ ನೋಡಲು ಒಳಗೆ ಹೋದಳು. ವಿಚಾರಣೆಗೆ ನಾನು ಕುಳಿತೆ. ಕನ್ನಡದ ಕೊನೆಗೊಂದು 'ಅಂ' ಹಚ್ಚಿದರೆ ತೆಲುಗು ಎಂಬುದು ಆಗಿನ ನನ್ನ ಪಾಂಡಿತ್ಯ.

'ದೊಡ್ಡ ಬ್ಯಾಂಕಿನ ಪರ್ಮಿಷನ್?' ಎಂದೆ.

'ದಾನಿಕಿ ಅವಸರಂ ಲೇದು ಸಾರ್' ಎಂದರು ಯಜಮಾನರು, ನಗುತ್ತ.

ಅವಸರವಿಲ್ಲವಂತೆ! ಕಾಯ್ದೆಯೆಂದರೆ ಇವರಿಗೆ ಮುಂದಿನ ಹಬ್ಬಕ್ಕೆ ನೋಡಿಕೊಂಡರಾಯಿತೆನ್ನುವ ಸುಣ್ಣ ಬಳಿಯುವ ಕೆಲಸವೇ?

'ಮತ್ತೆ ಪಿ.ಎಫ್.?'

'ಅದಿ ಅವಸರಂ ಅಂಡಿ! ಚಾಲಾ ಅವಸರಂ!'

ಅನುಮತಿ ಯಾವಾಗಲಾದರೂ ಬರಲಿ, ನನ್ನ ಹೆಂಡತಿಯ ಸಂಬಳದಲ್ಲಿ ಕಡಿತ ಮಾತ್ರ ಈಗಿಂದೀಗಲೇ. ವಿದೇಶಿ ವಿನಿಮಯದ ಕೇಸು, ನನ್ನ ಸಸ್ಪೆನ್ಷನ್, ಜೈಲಿನ ಅಂಗಳದಲ್ಲಿ ದಂಪತಿ: ಇಷ್ಟೂ ಕಣ್ಣ ಮುಂದೆ ಹಾದವು. 'ತಲೆನೋವು' ಎಂದು ಸುಳ್ಳು ಹೇಳಿ, ಸಹಿ ಹಾಕಗೊಡದೆ, ಅವಳನ್ನು ರೈಲು ಹತ್ತಿಸಿದೆ.

ಏಲೂರು ಬರುವ ಮೊದಲೇ ನನ್ನ ಜಾಣತನದ ಕಥೆಯನ್ನು ಅವಳಿಗೆ ವಿಸ್ತಾರವಾಗಿ ಹೇಳಿದೆ.

'ಅವ್ರು ಏನಂದ್ರು? ಅವ್ರ ಮಾತ್ನ್ಯಾಗ ಹೇಳ್ರಿ' ಎಂದಳು.

'ಅವಸರಂ ಲೇದು.'

'ಅಯ್ಯ ನನ ಶಿವನ! ತೆಲುಗಿನ್ಯಾಗ ಅವಸರ ಅಂದ್ರ ಗಡಿಬಿಡಿ ಅಲ್ಲರಿ, ಬೇಕಾಗೂದು. ಕಾಯಿಪಲ್ಲೆ ಮಾರೋ ಅಮ್ಮಗ ನಾ ದಿನಾ ಹೇಳ್ತೀನಿ, ಇವತ್ತ ಬದನೀಕಾಯಿ ಅವಸರಂ ಲೇದು ಅಂತ. ಬದನೀಕಾಯಿಗೆ ಏನ್ ಗಡಿಬಿಡಿ ಇರತೈತಿ?'

ಅಂದರೆ, ನೇಮಕ ಅವರದೇ ಆದ್ದರಿಂದ ಅನುಮತಿ ಬೇಕಿಲ್ಲ, ಪಿ.ಎಫ್. ಬೇಕೇ ಬೇಕು. ಆ ಶೆಡ್ಡಿನ ಸದ್ದಿನಲ್ಲೂ ಮನುಷ್ಯ ಕಾಯ್ದೆಯನ್ನೇ ಹೇಳುತ್ತಿದ್ದ.

'ಪೂರಾ ತಿಳ್ಕೊಂಡೇ ಹೋಗೋಣ. ವಿಶಾಖಪಟ್ಟಣದಲ್ಲಿ ಯಾರಾದರೂ ವಕೀಲರನ್ನ...' ಎಂದೆ.

'ಅಷ್ಟರಾಗ ಅವ್ರು ಬ್ಯಾರೇದವ್ರನ್ನ ಇಟ್ಕೋತಾರ. ಏಳ್ರಿ.'

ಏಲೂರಿನಲ್ಲಿ ಅವಳು ಇಳಿದಳು. ಹಿಂದೆ ಚೀಲ ಹಿಡಿದು ನಾನೂ ಇಳಿದೆ. ವಿಜಯವಾಡದ ಕಡೆ ಹೋಗುವ ಮೊದಲ ಪ್ಯಾಸೆಂಜರ್ ಹತ್ತಿದೆವು.

ನಮ್ಮನ್ನು ನೋಡಿ ಯಜಮಾನರು ಎದ್ದು ನಿಂತರು. 'ತಗ್ಗಿಂದಾ ಸಾರ್, ತಲನೊಪ್ಪಿ?'

'ಇವರ ತಲಿನೋವು ಹಿಂಗ ಹೋಗೂದಲ್ಲರಿ' ಎಂದು ನನ್ನವಳು ಅಚ್ಚ ಧಾರವಾಡ ಕನ್ನಡದಲ್ಲೇ ಹೇಳಿ, ಪೆನ್ನು ಕೇಳಿದಳು. ಅದು ಅವರಿಗೆ ಅರ್ಥವಾಯಿತು. ಅವರ ತೆಲುಗು ನನಗೆ ಆಗಿರಲಿಲ್ಲ. ಸಹಿ ಮುಗಿಯುವವರೆಗೆ ನನ್ನನ್ನು ಹೊರಗೆ ಹಳೆಯ ಟೈರಿನ ಮೇಲೆ ಕೂರಿಸಿದ್ದರು.

ಮೂರು ವರ್ಷದ ನಂತರ ನನಗೆ ರಾಯಚೂರಿಗೆ ಆರ್ಡರ್ ಬಂತು. ಅಭ್ಯಾಸಬಲದಿಂದ, 'ನಿನ್ನ ರಾಜೀನಾಮೆ ಯಾವಾಗ ಕೊಡ್ತೀ?' ಎಂದೆ.

'ವರ್ಗ ಆಗಿದ್ದು ನಿಮಗ. ನನಗೇನೂ ಕಾಗದ ಬಂದಿಲ್ಲಲ್ಲ' ಎಂದಳು.

ರಾಯಚೂರಿನ ಖಾನಾವಳಿಯಲ್ಲಿ ಊಟ ಮಾಡುತ್ತ ನಾನು ಅವಳ ಪತ್ರಗಳನ್ನು ಓದಿದೆ. ಅವುಗಳ ತುಂಬ ಸೀಗಡಿಗಳ ಆರೋಗ್ಯದ ವಿಚಾರ. ನನ್ನದನ್ನು ಕೊನೆಯ ಸಾಲಿನಲ್ಲಿ, ಜಾಗ ಉಳಿದಿದ್ದರೆ, ಕೇಳುತ್ತಿದ್ದಳು.