ಬಕ್ಕಪ್ಪ ಬೇರೆ ಒಲೆ ಹೂಡಿದ್ದು

ಪೆದ್ದೆಮುಲ್‌ನ ಗಾಣಿಗರ ಬಕ್ಕಪ್ಪನಿಗೆ ಅರವತ್ತೈದು ದಾಟಿದ ವರ್ಷ ಮಗ ಶಿವರಾಯ ಗಾಣದ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡ. ಅಪ್ಪನನ್ನು ಗೌರವದಿಂದಲೇ ಪಡಸಾಲೆಯಲ್ಲಿ ಕೂರಿಸಿದ. ಹೊತ್ತಿಗೆ ಸರಿಯಾಗಿ ರೊಟ್ಟಿ, ಹಿಂಡಿ ಪಲ್ಲೆ, ಬಿಸಿ ನೀರು. ಬಕ್ಕಪ್ಪ ಹಗ್ಗ ಮುಟ್ಟಿದರೆ ಸೊಸೆ ಓಡಿ ಬಂದು ಕಸಿದುಕೊಳ್ಳುವಳು. ದುಡಿಯುವ ಮುದುಕನಿದ್ದರೆ ಮನೆತನಕ್ಕೆ ಕುಂದು ಎಂದು ಊರು ತಿಳಿದಿತ್ತು.

ಗೋಡೆಯಾಚೆ ಗಾಣ ಕಿರುಗುಟ್ಟುವುದು ದಿನವಿಡೀ ಕೇಳುತ್ತಿತ್ತು. ಎತ್ತು ಎಲ್ಲಿ ತಡೆಯಿತು, ಕುಸುಬೆ ಎಷ್ಟು ಹೊತ್ತಿಗೆ ಎಣ್ಣೆ ಬಿಟ್ಟಿತು ಎಂಬುದು ಅವನಿಗೆ ಕೂತಲ್ಲೇ ತಿಳಿಯುತ್ತಿತ್ತು. ಹೇಳಿದರೆ ಕೇಳುವವರಿರಲಿಲ್ಲ. ಆರು ತಿಂಗಳಲ್ಲಿ ಮೊಣಕಾಲು ಹಿಡಿದವು, ಹಸಿವು ಸತ್ತಿತು, ಮೊಮ್ಮಕ್ಕಳ ಹೆಸರು ಅದಲುಬದಲಾಗತೊಡಗಿತು.

ನಿಜಾಮರ ಫಸಲಿ 1353ರ, ಅಂದರೆ 1944ರ ಬೇಸಿಗೆ. ಒಂದು ಬೆಳಿಗ್ಗೆ ಬಯಲಿಗೆಂದು ಹೊರಟವನು ತಾಂಡೂರ ದಾರಿಯ ಬಾವಿಯ ಹತ್ತಿರ ನಿಂತ. ಹಾಕಿಮರ, ಅಂದರೆ ಸರ್ಕಾರಿ ಅಧಿಕಾರಿಗಳ, ಸಾಮಾನು ಹೊತ್ತು ಬಿಟ್ಟಿ ಚಾಕರಿಗೆ ಬಂದ ಮಂದಿ ಗಂಟು ಇಳಿಸಿ ಬಾವಿಯಿಂದ ದೂರ ಕುಳಿತಿದ್ದರು. ಬಾವಿಯಲ್ಲಿ ನೀರಿತ್ತು. ಊರು ಮುಟ್ಟಿಸಿಕೊಳ್ಳದ ಜಾತಿಯವರಾದ ಅವರು ಅದಕ್ಕೆ ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಹುಯ್ಯುವ ತನಕ ಕಾಯಬೇಕು. ಬಕ್ಕಪ್ಪ ನೀರಿಗೆ ಬಂದವರೊಬ್ಬರ ಕೊಡ ಕೇಳಿ ಪಡೆದು ಸೇದಿದ, ಬೊಗಸೆಗೆ ಹುಯ್ದ. ಮರುದಿನ ತನ್ನದೇ ಕೊಡ ತೆಗೆದುಕೊಂಡು ಹೋದ.

ಮನೆಯವರು ಮುಖ ಗಂಟಿಕ್ಕಿದರೂ ಧರ್ಮದ ಕೆಲಸವೆಂದು ಸುಮ್ಮನಾದರು. ಎರಡು ತಿಂಗಳಾಗುವಷ್ಟರಲ್ಲಿ ಅವನು ಮೂರು ರೊಟ್ಟಿ ಉಣ್ಣುತ್ತಿದ್ದ. ರಾತ್ರಿ ತಲೆ ಇಟ್ಟರೆ ನಿದ್ದೆ. ಯಾವ ಊರಿನವನ ಹೆಂಡತಿ ಹೆತ್ತಳು, ಯಾರ ಕಾಲಿಗೆ ಮುಳ್ಳು ಮುರಿದಿದೆ, ಎಲ್ಲ ನೆನಪಿರುತ್ತಿತ್ತು.

ಆಗ ಕಂದಾಯದ ಗಿರದಾವರ ದೌರೆಗೆ, ಊರೂರ ತಪಾಸಣೆಗೆ, ಬಂದ. ಕುದುರೆಯ ಮೇಲಿಂದಲೇ ನೋಡಿ, ಈ ಮುದುಕ ಯಾವ ಮನೆಯ ಬಿಟ್ಟಿಯಾಳು ಎಂದು ಪಟೇಲ ವೀರಪ್ಪನನ್ನು ಕೇಳಿದ. ಯಾರ ಆಳೂ ಅಲ್ಲ ಎಂದರೆ, ಹಾಗಾದರೆ ಯಾರ ಹುಕುಮಿನಿಂದ ಸರ್ಕಾರಿ ದಾರಿಯಲ್ಲಿ ನಿಂತಿದ್ದಾನೆ ಎಂಬ ಮಾತು ಬರುತ್ತದೆ. ಆ ತಂಟೆಯೇ ಬೇಡವೆಂದು ವೀರಪ್ಪ, ಗಾಣಿಗರ ಮನೆಯ ಆಳು ಹುಜೂರ್ ಎಂದುಬಿಟ್ಟ. ಗಿರದಾವರನ ಗುಮಾಸ್ತ ಬಿಟ್ಟಿ ಪಟ್ಟಿಯಲ್ಲಿ ಬರೆದುಕೊಂಡ. ಸಂಜೆಗೆ ಗಿರದಾವರನ ಡೇರೆಗೆ ಎಂಟು ಕೊಡ ನೀರು ಬೇಕೆಂದು ಸೇತಸಿಂಧಿ ಧರ್ಮಣ್ಣ, ಅಂದರೆ ಊರ ಕಾವಲಿನವ, ಹೇಳಿಕೆ ತಂದ. ಬಕ್ಕಪ್ಪ ಹೊತ್ತ. ಅಂದು ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಚಾವಡಿಗೆ ಹೋಗಿ ಪಟೇಲನ ಮುಂದೆ ಕೈಕಟ್ಟಿ ನಿಂತ.

“ನನಗ ಯಾರೂ ಹೇಳಿಲ್ರಿ ಗೌಡ್ರೆ. ನನ್ನ ಖುಷಿಗಿ ಮಾಡಾಕ ಹತ್ತೀನಿ.”

“ಕೂಲಿಲ್ಲ, ಇನಾಮಿಲ್ಲ, ದಿನಾ ದುಡೀತಿ,” ಎಂದ ವೀರಪ್ಪ. “ಈ ಮುಲಕದಾಗ ಅದಕ್ಕ ಬಿಟ್ಟಿ ಬಿಟ್ಟು ಬ್ಯಾರೆ ಹೆಸರೈತೇನು? ನೀ ಬಾವಿಗಿ ಹೋಗೂದು ಬಿಡು, ನಾ ಹೆಸರು ತೆಗಸ್ತೀನಿ. ಹೋದಿ ಅಂದ್ರ ನಿನ್ನ ಒಲಿಗಿ ಬಿಟ್ಟಿ ಖಾಯಂ.”

ಬಿಟ್ಟಿಯ ಲೆಕ್ಕ ಒಲೆಗೆ ನಡೆಯುತ್ತಿತ್ತು. ಪಟ್ಟಿಗೆ ಸೇರಿದ ಒಂದು ಒಲೆಯಿಂದ ಒಬ್ಬ ಆಳು. ಅವನು ಸತ್ತರೆ ಅದೇ ಒಲೆಯ ಅನ್ನ ಉಂಡ ಮಗ, ಆಮೇಲೆ ಮೊಮ್ಮಗ. ಶಿವರಾಯ ಅಂದು ಮೊದಲ ಸಲ ಅಪ್ಪನ ಮುಂದೆ ಕೈಮುಗಿದು ಬೇಡಿಕೊಂಡ. ಗಾಣ ನಿಲ್ಲಿಸಿ ಹಾಕಿಮರ ಗಂಟು ಹೊರುವ ಗತಿ ತನ್ನ ಮಕ್ಕಳಿಗೆ ಬರಬಾರದು ಎಂದ. ಅದು ನ್ಯಾಯದ ಮಾತೇ ಆಗಿತ್ತು.

ಬಕ್ಕಪ್ಪ ಹನ್ನೊಂದು ದಿನ ಪಡಸಾಲೆ ಇಳಿಯಲಿಲ್ಲ. ನಾಲ್ಕನೆಯ ದಿನಕ್ಕೆ ಮೊಣಕಾಲು ಬಿಗಿದವು. ಎಂಟನೆಯ ದಿನ ಸೊಸೆಯನ್ನು ಸತ್ತ ಹೆಂಡತಿಯ ಹೆಸರಿನಿಂದ ಕರೆದ. ಹನ್ನೆರಡನೆಯ ದಿನ ಗೋಡೆ ಹಿಡಿದುಕೊಂಡೇ ಬಾವಿಯ ತನಕ ನಡೆದ. ಅಲ್ಲಿ ಐದಾರು ಮಂದಿ ನೆತ್ತಿಯ ಮೇಲೆ ಬಿಸಿಲು ಹೊತ್ತು ಕೂತಿದ್ದರು. ಹೊತ್ತು ಮೂಡಿದಾಗಿನಿಂದ ಕಾಯುತ್ತಿದ್ದೇವೆ ಎಂದರು. ಒಬ್ಬ ಮಾತ್ರ ನಕ್ಕ.

“ನಾವು ಹುಟ್ಟಾ ಬಿಟ್ಟಿ ಮಂದಿ, ಯಪ್ಪಾ. ನೀವು ಈ ವಯಸ್ಸಿನ್ಯಾಗ ಭರ್ತಿ ಆದ್ರಂತಲ್ರಿ.”

ಬಕ್ಕಪ್ಪ ಕೊಡ ತಂದಿರಲಿಲ್ಲ, ಕೇಳಿ ಪಡೆಯಲು ನೀರಿಗೆ ಬಂದವರು ಯಾರೂ ಇರಲಿಲ್ಲ. ಅಲ್ಲಿಂದ ನೇರ ಚಾವಡಿಗೆ ಹೋದ. ಪಂಚರನ್ನು ಕೂರಿಸಿ ಎಂದ. ತಾನು ಪಾಲು ಪಡೆದು ಮಗನಿಂದ ಬೇರೆಯಾಗುತ್ತೇನೆ, ಬೇರೆ ಒಲೆ ಹೂಡುತ್ತೇನೆ, ಬಿಟ್ಟಿಯನ್ನು ಆ ಒಲೆಗೆ ಬರೆಯಿರಿ ಎಂದ. ಹೆಂಡತಿಯಿಲ್ಲದ ಮುದುಕ ಪಾಲು ಕೇಳಿದ್ದನ್ನು ಆ ಊರು ಕಂಡಿರಲಿಲ್ಲ. ಒಬ್ಬ ಪಂಚ, ಮುದುಕಗ ಹೆಣ್ಣು ಹುಡುಕಬೇಕಾಗ್ತದೇನೋ ಎಂದು ಕುಚೋದ್ಯ ಮಾಡಿದ. ವೀರಪ್ಪ ಮಾತ್ರ ನಗಲಿಲ್ಲ.

“ತಿಳಿದು ಮಾತಾಡು, ಬಕ್ಕಪ್ಪ. ಮಗನ ಮನ್ಯಾಗ ಒಂದು ತುತ್ತು ಉಂಡ್ರೂ ಎರಡೂ ಒಲಿ ಒಂದ ಆಗ್ತಾವ. ಜಡ್ಡಾಗಿ ಮಲಗಿದ್ರೂ ಅವ್ರು ಗಂಜಿ ತರಂಗಿಲ್ಲ.”

“ನನ್ನ ಒಲಿ ನನ್ನ ಕೂಡ ಆರ್ತದ,” ಎಂದ ಬಕ್ಕಪ್ಪ. “ಮುಂದ ಉಣ್ಣಾವ್ರು ಯಾರಿಲ್ಲ. ಬರೀರಿ.”

ಶಿವರಾಯ ಅಲ್ಲೇ ಟವೆಲಿನಿಂದ ಮುಖ ಮುಚ್ಚಿಕೊಂಡ. ಪಾಲೆಂದು ಬಕ್ಕಪ್ಪ ಒಂದು ಚೀಲ ಜೋಳ, ಒಂದು ಕೊಡ, ರೊಟ್ಟಿ ಸುಡುವ ಒಂದು ಹಂಚು ತೆಗೆದುಕೊಂಡ. ಬಾವಿಯ ಹಿಂದಿನ ಬಿದ್ದ ಗುಡಿಸಲಿಗೆ ಗರಿ ಹೊದಿಸಿ ಮೂರು ಕಲ್ಲು ಹೂಡಿದ. ಮೊದಲ ರೊಟ್ಟಿ ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಹಸಿ. ಹೊಗೆಗೆ ಕೆಮ್ಮುತ್ತ ಅದನ್ನೇ ಉಂಡ. ಸಂಜೆ ಮೊಮ್ಮಗಳು ಬಟ್ಟಲು ಹಿಡಿದು ದೂರದಲ್ಲಿ ನಿಂತಳು. ಅವನು ಕೈ ಬೀಸಿ ಹಿಂದಕ್ಕೆ ಕಳಿಸಿದ. ಅವಳು ತಿರುಗಿ ತಿರುಗಿ ನೋಡುತ್ತ ಹೋದಳು.

ಮಳೆಗಾಲಕ್ಕೆ ಮುಂಚೆ ಗಿರದಾವರ ಮತ್ತೆ ಬಂದ. ಧರ್ಮಣ್ಣ ಬಾವಿಗೆ ಬಂದು, ಡೇರೆಗೆ ಎಂಟು ಕೊಡ, ಈಗಲೇ ಎಂದ. ಬಕ್ಕಪ್ಪ ಇಲ್ಲವೆನ್ನಲಿಲ್ಲ. ಇಲ್ಲವೆನ್ನುವ ಹಕ್ಕನ್ನು ಅವನೇ ಬರೆದುಕೊಟ್ಟಿದ್ದ. ಗಂಟು ಇಳಿಸಿದ ಏಳು ಮಂದಿ ಬೊಗಸೆ ಒಡ್ಡಿ ಬಾಗಿದ್ದರು. ಬಕ್ಕಪ್ಪ ಮೊಣಕಾಲು ಊರಿ ಹಗ್ಗ ಎಳೆಯುತ್ತಲೇ ಹೇಳಿದ:

“ತರ್ತೀನಿ, ಧರ್ಮಣ್ಣ. ಇವ್ರದಾಗ್ಲಿ. ನೀ ಅಲ್ಲಿ ಕುಂದ್ರು, ಎಂಟನೇ ಬೊಗಸಿ ನಿಂದು.”

ಧರ್ಮಣ್ಣ ಅತ್ತಿತ್ತ ನೋಡಿದ. ಡೇರೆ ದೂರವಿತ್ತು. ಕೋಲು ಪಕ್ಕಕ್ಕಿಟ್ಟು ಸಾಲಿನ ಕೊನೆಗೆ ಕುಳಿತ.