ಅಂತರಗಂಗೆಯ ಕೆಳಗೆ ಮೀನು ಉಂಟು

ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯ ಬದಿಯಲ್ಲಿ, ರಬ್ಬರ್ ತೋಟಗಳ ನಡುವೆ, ಒಂದು ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಕಲ್ಲು ಕಡಿದು ಮುಗಿದ ಮೇಲೆ ಮಳೆನೀರು ತುಂಬಿ ಕೆರೆಯಾದ ಕೋರೆ. ಆದರೆ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತರಗಂಗೆ ಎಂಬ ತೇಲುವ ಕಳೆ ಈ ದಡದಿಂದ ಆ ದಡಕ್ಕೆ ದಪ್ಪ ಚಾಪೆಯ ಹಾಗೆ ಹಬ್ಬಿಕೊಂಡಿದೆ. ಕಳೆದ ವರ್ಷ ಒಂದು ದನ ಅದನ್ನು ಹುಲ್ಲುಗಾವಲೆಂದು ನಂಬಿ ಕಾಲಿಟ್ಟಿತು. ಅದನ್ನು ಮೇಲೆತ್ತಲು ಎಂಟು ಮಂದಿ ಹಗ್ಗ ಹಿಡಿಯಬೇಕಾಯಿತು. ದನಕ್ಕಾದರೂ ಆಮೇಲೆ ಬುದ್ಧಿ ಬಂತು. ಊರಿನ ಮನುಷ್ಯರು ಮಾತ್ರ ಆ ಹಸಿರಿನ ಕೆಳಗೆ ಏನೂ ಇಲ್ಲ ಎಂದೇ ಹೇಳುತ್ತಿದ್ದರು. ಇದೆ ಎನ್ನುತ್ತಿದ್ದವರು ಒಬ್ಬರೇ, ಅಲ್ಫೋನ್ಸಾ ಚೇಚಿ.

ಊರಿಗೆಲ್ಲ ಚೇಚಿ, ಎಂದರೆ ಅಕ್ಕ, ಆದ ಅವರಿಗೆ ಈಗ ಅರವತ್ತಮೂರು. ಅಪ್ಪ ಉಲಹನ್ನಾನ್ ಕೇರಳದ ಪಾಲಾ ಕಡೆಯಿಂದ ಬಂದು ಇಲ್ಲಿ ಗುಡ್ಡ ಕಡಿದು ರಬ್ಬರ್ ನೆಟ್ಟಾಗ ಅವರು ನಾಲ್ಕು ವರ್ಷದ ಮಗು. ಹದಿನಾಲ್ಕಕ್ಕೆ ಹಿಡಿದ ಟ್ಯಾಪಿಂಗ್ ಕತ್ತಿಯನ್ನು ಇವತ್ತಿಗೂ ಕೆಳಗಿಟ್ಟಿಲ್ಲ. ಮಗ ಸಿಜೋ ಪಿಕಪ್ ಓಡಿಸುತ್ತಾನೆ, ಸೊಸೆ ಸಿಲ್ವಿ ಅಂಗನವಾಡಿಯಲ್ಲಿದ್ದಾಳೆ, ಇನ್ನು ಸಾಕು ಎಂದು ಇಬ್ಬರೂ ಹೇಳಿ ಸೋತಿದ್ದಾರೆ. ದಿನಾ ಮುನ್ನೂರು ಮರ ಮುಗಿಸಿಯೇ ಚೇಚಿ ಕಾಫಿ ಕುಡಿಯುವುದು. ಅವರು ಕೆತ್ತಿದ ತೊಗಟೆಯ ಚೂರನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ. ಮರಕ್ಕೆ ಗಾಯವಾಗದ ಹಾಗೆ ಹಾಲು ಇಳಿಸುವ ಕೈ ಅದು. ಆ ಕೈಯ ಮೇಲೆ ಚೇಚಿಗೆ ಸ್ವಲ್ಪ ಜಂಬವೂ ಇದೆ. ಇರಲಿ ಬಿಡಿ, ಅಂಥ ಕೈ ಇದ್ದರೆ ನಾವೂ ಜಂಬ ಪಡುತ್ತಿದ್ದೆವು.

ಅದೇ ಕೈಗೆ ಗಾಳ ಹಿಡಿಯಲು ಕಲಿಸಿದವರೂ ಉಲಹನ್ನಾನ್. ಭಾನುವಾರ ಇಗರ್ಜಿಯಿಂದ ಬಂದವರೇ ಮಗಳನ್ನು ಕರೆದುಕೊಂಡು ಕುಮಾರಧಾರೆಯ ಗುಂಡಿಗಳಿಗೆ ಹೋಗುತ್ತಿದ್ದರು. ದಾರದಲ್ಲಿ ಮೊಳಕ್ಕೊಂದು ಗಂಟು ಹಾಕಿಸಿ, ಕಣ್ಣು ಮುಚ್ಚಿಸಿ, ಗಂಟು ಎಣಿಸುತ್ತ ಇಳಿಸಲು ಹೇಳುತ್ತಿದ್ದರು. ಎಷ್ಟನೆಯ ಗಂಟಿನಲ್ಲಿ ಯಾವ ಮೀನು ಮುಟ್ಟಿತು ಎಂದು ಹುಡುಗಿ ಬೆರಳಿನಿಂದಲೇ ಹೇಳಬೇಕಿತ್ತು.

ಹೀಗಾಗಿ ಮೂರು ವರ್ಷದ ಹಿಂದೆ ಊರಿನ ಏಳು ಹೆಂಗಸರ ಸಂಘ ಪಂಚಾಯತಿನಿಂದ ಕೋರೆ ಕೇಳಿ ಪಡೆದು ಮೀನಿನ ಮರಿ ಬಿಟ್ಟಾಗ, ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಚೇಚಿ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದೇ ಮನೆಯ ಮೂರು ಅಂತಸ್ತಿನಲ್ಲಿ ಮೂರು ಸಂಸಾರ ಎಂದು ಅವರೇ ಉಳಿದವರಿಗೆ ತಿಳಿಸಿ ಹೇಳಿದರು. ಮುಂದಿನ ಮಳೆಗಾಲಕ್ಕೆ ಎಲ್ಲಿಂದಲೋ ಅಂತರಗಂಗೆ ಬಂತು. ಎರಡು ಸಲ ಎಳೆದು ದಡಕ್ಕೆ ಹಾಕಿದರು, ಎರಡು ಸಲವೂ ತಿಂಗಳೊಳಗೆ ಮೊದಲಿನಂತಾಯಿತು. ಬಲೆ ಬೀಸೋಣವೆಂದರೆ ನೀರೊಳಗೆ ಕಡಿಯದೆ ಬಿಟ್ಟ ಕಲ್ಲಿನ ಕಂಬಗಳು. ಬಲೆ ಚಿಂದಿಯಾಗಿ ಮೇಲೆ ಬಂತು. ಒಬ್ಬೊಬ್ಬರಾಗಿ ಹೆಂಗಸರು ಆ ಕಡೆ ಬರುವುದನ್ನು ಬಿಟ್ಟರು.

ಚೇಚಿ ಬಿಡಲಿಲ್ಲ. ಟ್ಯಾಪಿಂಗ್ ಮುಗಿಸಿ ಬರುವಾಗ ಕೋರೆಯ ಮೆಟ್ಟಿಲಿನ ಸಂದಿಯಲ್ಲಿ ತೌಡು, ನೆಲಗಡಲೆ ಹಿಂಡಿ ಹಾಕಿ ಹೋಗುತ್ತಿದ್ದರು. ಹಾಕಿದ ಸ್ವಲ್ಪ ಹೊತ್ತಿಗೆ ಹಸಿರು ಚಾಪೆ ಅಡಿಯಿಂದ ನಡುಗುತ್ತಿತ್ತು. ಗಾಳಿಗೆ ಅಲುಗುವುದು ಬೇರೆ, ಅಡಿಯಿಂದ ನಡುಗುವುದು ಬೇರೆ.

ಈ ಫೆಬ್ರವರಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಅಗೆದ ಮಣ್ಣು ಸುರಿಯಲು ಜಾಗ ಬೇಕಿತ್ತು. ಪಾಳು ಕೋರೆ ಇದೆಯಲ್ಲ, ತುಂಬಿಸಿಬಿಡೋಣ ಎಂಬ ಮಾತು ಬಂತು. ವಾರ್ಡಿನ ಸದಸ್ಯ ಅಶ್ವಿತ್ ಒಳ್ಳೆಯ ಹುಡುಗ, ಸಂಘದವರನ್ನು ಕೇಳದೆ ಸಹಿ ಹಾಕುವುದಿಲ್ಲ ಎಂದು ತಾನೇ ಬಂದು ಸಭೆ ಕರೆದ. ಆರು ಮಂದಿ ಒಪ್ಪಿ ತಲೆ ಆಡಿಸಿದರು. ಏಳನೆಯವರು ಎದ್ದು ನಿಂತರು.

“ಅದರಲ್ಲಿ ಮೀನು ಉಂಟು,” ಎಂದರು ಚೇಚಿ.

“ಚೇಚಿ, ಮೀನೆಲ್ಲ ಸತ್ತು ವರ್ಷ ಆಯ್ತು,” ಎಂದ ಅಶ್ವಿತ್. “ಅಷ್ಟು ದಪ್ಪ ಮುಚ್ಚಿದ ಮೇಲೆ ಬದುಕುದು ಹೇಗೆ?”

“ನಾನು ದಿನಾ ನೋಡುದು. ಹಿಂಡಿ ಹಾಕಿದರೆ ಅಡಿಯಿಂದ ಅಲುಗಾಡ್ತದೆ.”

“ಅದು ಕಪ್ಪೆ ಇರಬಹುದು.”

“ಕಪ್ಪೆ ಯಾವುದು, ಮೀನು ಯಾವುದು ಅಂತ ನನಗೆ ನೀನು ಹೇಳ್ಬೇಕಾ ಮಾರಾಯ?”

ಎಲ್ಲರೂ ನಕ್ಕರು. ಸಂಘದ ಅಧ್ಯಕ್ಷೆ ನಫೀಸಮ್ಮ ಮಾತ್ರ ನಗಲಿಲ್ಲ. ಕೊನೆಗೆ ಅಶ್ವಿತ್ ಹೇಳಿದ, “ಒಂದೇ ಒಂದು ಮೀನು ತೋರಿಸಿ ಚೇಚಿ. ಬರುವ ಶನಿವಾರ ಸಂಜೆ ನಾನೇ ಬರ್ತೇನೆ. ಮೀನು ಕಂಡರೆ ಮಣ್ಣು ಬೇರೆ ಕಡೆ ಹೋಗ್ತದೆ. ಇಲ್ಲದಿದ್ದರೆ ಸೋಮವಾರ ಲಾರಿ ಬರುದೇ.” ಶನಿವಾರ ಆಗಬಹುದು ಎಂದು ಚೇಚಿಯೂ ಹೇಳಿದರು, ನಫೀಸಮ್ಮನೂ ಹೇಳಿದರು. ಸುಳ್ಳು ಹೇಳುತ್ತಿದ್ದಾರೆ ಎಂದು ಚೇಚಿಯ ಮುಖಕ್ಕೆ ಯಾರೂ ಹೇಳಲಿಲ್ಲ. ಪಾಪ, ವಯಸ್ಸಾಯ್ತು ಎಂದರು. ಚೇಚಿಗೆ ಅದೇ ಹೆಚ್ಚು ಉರಿಯಿತು.

ಮರುದಿನವೇ ದೋಟಿ ಹಿಡಿದು ಕೋರೆಗೆ ಇಳಿದರು. ಕೊನೆಯ ಮೆಟ್ಟಿಲಲ್ಲಿ ಕೂತು ಅಂತರಗಂಗೆಯನ್ನು ಬದಿಗೆ ಸರಿಸಿದರೆ ಕಪ್ಪು ನೀರು ಕಂಡಿತು. ಗಾಳ ಇಳಿಸುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು. ಮನೆಗೆ ಹೋಗಿ ಸಿಜೋನ ಪಿಕಪ್ಪಿನ ಹಳೆ ಟ್ಯೂಬಿಗೆ ಗಾಳಿ ತುಂಬಿಸಿ ತಂದು ತೇಲಿಬಿಟ್ಟರು. ಟ್ಯೂಬಿನ ಒಳಗಿನ ಹಸಿರನ್ನು ಕೈಯಿಂದ ಹೆಕ್ಕಿ ತೆಗೆದರು. ಈಗ ಗೆರಸೆಯಷ್ಟು ಅಗಲದ ಬಾವಿ ಸಿಕ್ಕಿತು, ಮುಚ್ಚುವ ಭಯವಿಲ್ಲ. ತೂತು ಕೊರೆದ ರಬ್ಬರ್ ಬೀಜವನ್ನು ದಾರಕ್ಕೆ ಪೋಣಿಸಿ ತೇಲಲು ಬಿಟ್ಟು, ಹಿಂಡಿ ಕಲಸಿದ ಗೋಧಿಹಿಟ್ಟಿನ ಉಂಡೆ ಸಿಕ್ಕಿಸಿ, ಗಂಟು ಎಣಿಸುತ್ತ ಇಳಿಸಿದರು.

ಮಂಗಳವಾರ ಏನೂ ಇಲ್ಲ. ಬುಧವಾರ ಮೂರನೆಯ ಗಂಟಿನಲ್ಲಿ ಬೀಜ ಸಣ್ಣಗೆ ನಡುಗಿತು. ಚೇಚಿ ಗಾಳದ ಬಿದಿರು ಎತ್ತಿದರು. ಭಾರ ಸಿಕ್ಕಿತು, ಒಂದು ಗಳಿಗೆ ಸಿಕ್ಕಿಯೇ ಇತ್ತು, ಆಮೇಲೆ ಕೈ ಹಗುರವಾಯಿತು. ಕೊಕ್ಕೆಯ ತುದಿಯಲ್ಲಿ ಉಗುರಿನಷ್ಟು ತುಟಿಯ ಚೂರು ಉಳಿದಿತ್ತು. ಗುರುವಾರವೂ ಹಾಗೆಯೇ. ಕಾಟ್ಲಾದ ತುಟಿ ಮೆದು. ಹೊಳೆಯಲ್ಲಾದರೆ ಸ್ವಲ್ಪ ಓಡಲು ಬಿಟ್ಟು ದಣಿಸಬಹುದು; ಇಲ್ಲಿ ಬದಿಗೆ ಬಿಟ್ಟರೆ ಅಂತರಗಂಗೆಯ ಬೇರಿಗೆ ಸುತ್ತಿಕೊಳ್ಳುತ್ತದೆ, ಬಿಗಿ ಹಿಡಿದರೆ ತುಟಿ ಹರಿಯುತ್ತದೆ. ತುಟಿಯ ಚೂರನ್ನು ಸಿಲ್ವಿಗೆ ತೋರಿಸಿದರು.

“ಅಮ್ಮಚ್ಚಿ, ಇದನ್ನು ತೋರಿಸಿದರೆ ಅಶ್ವಿತ್ ಎಂತ ಹೇಳಿಯಾನು? ಬೇರಿನ ಸಿಪ್ಪೆ ಅಂದಾನು,” ಎಂದಳು ಸಿಲ್ವಿ. ಅದು ನಿಜವೇ ಆಗಿತ್ತು.

ಆ ದಿನ ಚೇಚಿಗೆ ಊಟ ಸೇರಲಿಲ್ಲ. ಮೀನು ಇದೆ, ತನ್ನ ಕೈಯೇ ಅದನ್ನು ಹರಿಯುತ್ತಿದೆ ಎಂಬುದು ಅವರನ್ನು ಒಳಗೊಳಗೇ ಕಾಡಿತು. ಮೆದು ತೊಗಟೆಯ ಮರಕ್ಕೂ ನೋವು ಮಾಡದ ಕೈ.

ಶುಕ್ರವಾರ ಬೆಳಿಗ್ಗೆ ಟ್ಯಾಪಿಂಗಿಗೆ ಹೋದರು. ಹಿಂದಿನ ದಿನದ ಹಾಲು ಮರದ ಗೀರಿನಲ್ಲಿ ಒಣಗಿ ಉದ್ದದ ಎಳೆಯಾಗಿ ಅಂಟಿಕೊಂಡಿರುತ್ತದೆ. ಕತ್ತಿ ಹಾಕುವ ಮೊದಲು ಅದನ್ನು ಕಿತ್ತು ಬುಟ್ಟಿಗೆ ಹಾಕಬೇಕು. ನಲವತ್ತೊಂಬತ್ತು ವರ್ಷದಿಂದ ದಿನಾ ಮುನ್ನೂರು ಸಲ ಮಾಡಿದ ಕೆಲಸ. ಆ ದಿನ ಮೊದಲ ಮರದ ಎಳೆ ಕೀಳುವಾಗ ಅದು ಒಂದು ಗೇಣು ಹಿಗ್ಗಿತು, ಇನ್ನೊಂದು ಗೇಣು ಹಿಗ್ಗಿತು, ಬಿಟ್ಟಾಗ ಮೆಲ್ಲನೆ ಹಿಂದಕ್ಕೆ ಬಂತು. ಚೇಚಿ ಕತ್ತಿ ಕೆಳಗಿಟ್ಟು ಅಲ್ಲೇ ಕೂತರು. ಒಂಬತ್ತು ಮರದ ಎಳೆ ತೆಗೆದು, ಮೂರು ಮೂರು ಸೇರಿಸಿ ಜಡೆ ಹೆಣೆದರು. ಬಿದಿರಿನ ತುದಿಗೂ ದಾರಕ್ಕೂ ನಡುವೆ ಆ ಜಡೆ ಕಟ್ಟಿದರು. ಇನ್ನು ಮೀನು ಎಳೆದರೆ ತುಟಿ ಹರಿಯುವ ಬದಲು ರಬ್ಬರ್ ಹಿಗ್ಗಬೇಕು. ಉಳಿದ ಮರಗಳನ್ನು ಅಂದು ಅವರು ಹಾಡಿಕೊಳ್ಳುತ್ತ ಮುಗಿಸಿದರು.

ಶನಿವಾರ ನಾಲ್ಕು ಗಂಟೆಗೆ ಕೋರೆಯ ಸುತ್ತ ಅರ್ಧ ಊರು ನಿಂತಿತ್ತು. ಅಶ್ವಿತ್ ಕೈಕಟ್ಟಿ ಮೇಲಿನ ಮೆಟ್ಟಿಲಲ್ಲಿ ನಿಂತ. ಕೆಳಗೆ ಟ್ಯೂಬಿನ ಎದುರು ಚೇಚಿ ಕೂತೇ ಇದ್ದರು, ಒಂದು ಗಂಟೆ, ಒಂದೂವರೆ ಗಂಟೆ. ಎರಡನೆಯ ಗಂಟು, ನಾಲ್ಕನೆಯ ಗಂಟು, ಮತ್ತೆ ಮೂರನೆಯದು. ಜನ ಗಡಿಯಾರ ನೋಡತೊಡಗಿದರು. ಆಗ ರಬ್ಬರ್ ಬೀಜ ನಡುಗಿ ಒಳಗೆ ಹೋಯಿತು.

ಚೇಚಿ ಜಗ್ಗಲಿಲ್ಲ. ಬಿದಿರನ್ನು ಒಂದಿಷ್ಟೇ ಎತ್ತಿ ಹಿಡಿದರು. ಜಡೆ ಒಂದು ಗೇಣು ಹಿಗ್ಗಿತು, ಎರಡು ಗೇಣು, ಮೂರು. ಹರಿಯುತ್ತದೆ ಎಂದು ಯಾರೋ ಕೂಗಿದರು. ಹರಿಯಲಿಲ್ಲ; ನಿಂತು, ನಿಧಾನಕ್ಕೆ ಹಿಂದೆ ಬಂತು, ಮತ್ತೆ ಹಿಗ್ಗಿತು. ಹೀಗೆ ಹತ್ತು ನಿಮಿಷ. ಮೀನು ದಣಿದ ಮೇಲೆ ದಾರವನ್ನು ನೇರ ಮೇಲಕ್ಕೆ, ಒಂದೊಂದೇ ಗಂಟು ಎಣಿಸಿ ತೆಗೆದರು. ಟ್ಯೂಬಿನ ನಡುವಿನಿಂದ ಮೊದಲು ದೊಡ್ಡ ತಲೆ ಬಂತು, ಆಮೇಲೆ ಬೆಳ್ಳಿಯ ಮೈ. ಮೂರು ಕಿಲೋಗೆ ಮೋಸವಿಲ್ಲದ ಕಾಟ್ಲಾ. ಚೇಚಿ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಸುತ್ತ ನಿಂತ ಒಬ್ಬೊಬ್ಬರ ಮುಖವನ್ನೂ ನೋಡಿದರು. ಪಾಪ ಎಂದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

“ಮೀನು ಉಂಟು, ಒಪ್ಪಿದೆ,” ಎಂದ ಅಶ್ವಿತ್. ಆಮೇಲೆ ತಲೆ ಕೆರೆದುಕೊಂಡ. “ಆದರೆ ಚೇಚಿ, ನಾಡಿದ್ದು ಪಂಚಾಯತಿನಲ್ಲಿ ಕೇಳ್ತಾರೆ. ಕೊಳೆತ ಹಸಿರಿನ ಅಡಿಯ ಮೀನು, ಕೆಸರು ವಾಸನೆ ಬಂದರೆ ಯಾರು ತಿನ್ನುದು? ತಿನ್ನದ ಮೀನಿಗೆ ಕೆರೆ ಯಾಕೆ ಅಂತಾರೆ.”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆಯವರು ಕಡಲಿನ ಬಂಗುಡೆ, ಬೂತಾಯಿ ತಿಂದು ಬೆಳೆದವರು. ಕೆರೆ ಮೀನು ಎಂದರೆ ಮೂಗು ಮುರಿಯುತ್ತಾರೆ.

“ಹಾಗಾದರೆ ತಿಂದು ನೋಡು,” ಎಂದರು ಚೇಚಿ.

“ಇವತ್ತು ಶನಿವಾರ ಚೇಚಿ. ನಾನು ಶನಿವಾರ ಮೀನು ಮುಟ್ಟುದಿಲ್ಲ. ನೀವೇ ತಿಂದು ಹೇಳಿ.”

“ನನಗೆ ಐವತ್ತು ದಿನದ ನೋಂಬು. ಈಸ್ಟರ್ ತನಕ ಮೀನು, ಮಾಂಸ ಇಲ್ಲ.”

ಇಬ್ಬರೂ ನಫೀಸಮ್ಮನ ಕಡೆ ತಿರುಗಿದರು. “ನನಗೆ ರಂಜಾನ್ ಉಪವಾಸ,” ಎಂದರು ಅವರು. “ಉಗುಳು ನುಂಗ್ಲಿಕ್ಕೂ ಯೋಚನೆ ಮಾಡುದು.”

ಮೂವರೂ ಸೇರಿ ಗೊತ್ತು ಮಾಡಿದ ದಿನ. ಮೂವರಲ್ಲಿ ಒಬ್ಬರಿಗೂ ಮೀನು ತಿನ್ನುವ ಬಾಯಿ ಇಲ್ಲ. ಕೋರೆಯ ಸುತ್ತ ನಗು ಎದ್ದಿತು, ಚೇಚಿಯೂ ನಕ್ಕರು. ನಗು ನಿಂತ ಮೇಲೆ ನಫೀಸಮ್ಮ ಮೀನನ್ನು ತೆಗೆದುಕೊಂಡು, “ಬಾಂಗ್ ಆಗಿ ಉಪವಾಸ ಬಿಡ್ಲಿಕ್ಕೆ ಒಂದು ಗಂಟೆ ಇಲ್ಲ. ನಡೀರಿ ಮನೆಗೆ,” ಎಂದರು.

ನಫೀಸಮ್ಮ ಯಾರೆಂದು ತಿಳಿದರೆ ಚೇಚಿಗೆ ಆಗ ಹೆದರಿಕೆಯಾದದ್ದು ಏಕೆಂದು ಗೊತ್ತಾಗುತ್ತದೆ. ಅವರ ಗಂಡ ಆದಂ ಕುಂಞಿ ನಲವತ್ತು ವರ್ಷ ಬೈಕಿನಲ್ಲಿ ಐಸ್ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ ಪಂಜ ಪೇಟೆಯವರೆಗೂ ಕಡಲ ಮೀನು ಮಾರಿದವರು. ಮೀನಿನ ಕಿವಿರು ನೋಡಿ ಅದು ದಡಕ್ಕೆ ಬಂದ ದಿನ ಹೇಳುವ ಹೆಂಗಸು ನಫೀಸಮ್ಮ. ಕೆರೆ ಮೀನನ್ನು ಹುಟ್ಟಿನಿಂದ ಬಾಯಿಗಿಟ್ಟಿರಲಿಲ್ಲ. ಉಪವಾಸದ ಬಾಯಲ್ಲಿ, ಅದೂ ಗೆಳತಿಗೋಸ್ಕರ, ಸುಳ್ಳು ಹೇಳುವವರಂತೂ ಅಲ್ಲವೇ ಅಲ್ಲ. ಅದಕ್ಕೇ ಅಶ್ವಿತ್ ಹೇಳಿದ, “ನಫೀಸಮ್ಮ ಹೇಳಿದ್ದೇ ಆಗಲಿ.”

ಮೀನು ಕೊಯ್ದು, ಮೆಣಸು, ಅರಸಿನ, ಹುಳಿ ಹಚ್ಚಿ, ತೆಂಗಿನೆಣ್ಣೆಯಲ್ಲಿ ಕಾಯಿಸಿದರು. ಉಪ್ಪು ನೋಡುವ ಹಾಗಿರಲಿಲ್ಲ, ಕೈ ಅಂದಾಜಿನಲ್ಲೇ ಹಾಕಿದರು. ಜಗಲಿಯಲ್ಲಿ ಕೂತ ಜನಕ್ಕೆ ಪರಿಮಳ ಬಂತು. ಚೇಚಿ ಕಂಬಕ್ಕೆ ಒರಗಿ ನಿಂತಿದ್ದರು. ಮೀನು ಹಿಡಿಯುವುದು ತನ್ನ ಕೈಯಲ್ಲಿತ್ತು, ಇದು ತನ್ನ ಕೈಯಲ್ಲಿ ಇರಲಿಲ್ಲ.

ಬಾಂಗ್ ಕೇಳಿಸಿತು. ನಫೀಸಮ್ಮ ಒಂದು ಖರ್ಜೂರ ತಿಂದರು, ನೀರು ಕುಡಿದರು. ಆಮೇಲೆ ಮೀನಿನ ಒಂದು ತುಂಡು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಮುಖದಲ್ಲಿ ಏನೂ ಕಾಣಲಿಲ್ಲ.

“ಉಪ್ಪು ಕಡಿಮೆ ಆಯ್ತು,” ಎಂದರು. ಕೈ ಎರಡನೆಯ ತುಂಡಿಗೆ ಹೋಯಿತು.

“ಕೆಸರು?” ಎಂದು ಕೇಳಿದ ಅಶ್ವಿತ್.

“ಕೆಸರು ಎಂತದ್ದು? ಅಡಿಯಲ್ಲಿ ಇರುದು ಕಲ್ಲು. ಕಲ್ಲಿನ ನೀರಲ್ಲಿ ಕೆಸರು ಎಲ್ಲಿಂದ ಬರುದು?” ನಫೀಸಮ್ಮ ತಲೆ ಎತ್ತದೆ ಹೇಳಿದರು. “ಅಲ್ಫೋನ್ಸಾ ಮೀನು ಸಾಕಿದ್ದು, ನೀವೆಲ್ಲ ಕಸ ಅಂದ್ಕೊಂಡಿದ್ದಿರಿ. ನಾನೂ ಅಂದ್ಕೊಂಡಿದ್ದೆ.”

ಚೇಚಿಗೆ ಎದೆ ತುಂಬಿ ಬಂತು. ಅಪ್ಪ ಇದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿ ಕಣ್ಣೂ ತುಂಬಿತು. ಅಶ್ವಿತ್ ಅಲ್ಲಿಂದಲೇ ಫೋನ್ ಮಾಡಿ ಮಣ್ಣಿಗೆ ಬೇರೆ ಜಾಗ ಹೇಳಿದ. ಉಳಿದ ತುಂಡುಗಳು ಐದು ನಿಮಿಷ ಉಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಕೋರೆಯಲ್ಲಿ ಏಳು ಟ್ಯೂಬುಗಳು ತೇಲುತ್ತಿದ್ದವು. ಒಂದೊಂದರ ಎದುರು ಸಂಘದ ಒಬ್ಬೊಬ್ಬ ಹೆಂಗಸು, ಎಲ್ಲರ ಬಿದಿರಿನ ತುದಿಯಲ್ಲೂ ಚೇಚಿ ಹೆಣೆದ ರಬ್ಬರ್ ಜಡೆ. ಆಗ ಮೇಲೆ ಲಾರಿಯ ಸದ್ದಾಯಿತು. ಒಬ್ಬ ಡ್ರೈವರಿಗೆ ಯಾರೂ ವಿಷಯ ತಿಳಿಸಿರಲಿಲ್ಲ. ಅವನು ಮಣ್ಣು ತುಂಬಿಸಿಕೊಂಡು ನೇರ ದಡಕ್ಕೇ ಬಂದಿದ್ದ. ಮಣ್ಣು ಸುರಿಯಲು ಲಾರಿಯನ್ನು ಹಿಂದಕ್ಕೆ ತಿರುಗಿಸಹೊರಟವನು ಕೆಳಗೆ ನೋಡಿ ನಿಲ್ಲಿಸಿದ.

ಚೇಚಿ ಎದ್ದೇಳಲಿಲ್ಲ. ಅವರ ದಾರದ ರಬ್ಬರ್ ಬೀಜ ಸಣ್ಣಗೆ ನಡುಗುತ್ತಿತ್ತು. ಒಂದು ಕೈ ಮಾತ್ರ ಮೇಲೆತ್ತಿದರು.

“ಇಂಜಿನ್ ಆಫ್ ಮಾಡು ಮಾರಾಯ. ಮೀನು ಹೆದರ್ತದೆ.”

ಡ್ರೈವರ್ ಇಂಜಿನ್ ಆರಿಸಿ ಇಳಿದು ಬಂದ. ಹಸಿರಿನ ನಡುವೆ ತೇಲುವ ಟ್ಯೂಬುಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. “ಇದರಲ್ಲಿ ಮೀನು ಉಂಟಾ? ತಿನ್ಲಿಕ್ಕೆ ಆಗ್ತದಾ?” ಎಂದು ದನಿ ತಗ್ಗಿಸಿ ಕೇಳಿದ.

“ನಾನು ಇನ್ನೂ ತಿಂದಿಲ್ಲ, ಈಸ್ಟರಿಗೆ ಮೂರು ವಾರ ಉಂಟು,” ಎಂದರು ಚೇಚಿ, ನೀರಿನಿಂದ ಕಣ್ಣು ತೆಗೆಯದೆ. “ನಫೀಸಮ್ಮ ಎರಡು ತುಂಡು ತಿಂದಿದ್ದಾರೆ.”