ಊರಿನವರ ಹೆಸರು ಹೇಳುತ್ತಿದ್ದ ಟೈಲರಕ್ಕ

ಟೈಲರಕ್ಕನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿಹೋಗಿತ್ತು. ಹೊಲಿಗೆ ಮಿಷನ್ನಿನ ಸೂಜಿ ಒಮ್ಮೆ ಅದರೊಳಗೆ ಇಳಿದು ಮುರಿದಿತ್ತಂತೆ. ಪ್ರಾರ್ಥನೆಗೆ ಕೈ ಜೋಡಿಸಿದಾಗ ನನ್ನ ಕಣ್ಣು ಆ ಉಗುರಿನ ಮೇಲೇ ನಿಲ್ಲುತ್ತಿತ್ತು.

ಬಂಡಳ್ಳಿಯ ಆಚೆಗಿನ ನಮ್ಮ ಊರಿನಲ್ಲಿ ಕ್ರೈಸ್ತರು ಐದೇ ಮನೆ. ಚರ್ಚಿಲ್ಲ. ಭಾನುವಾರ ಅಕ್ಕನ ಮನೆಯಲ್ಲೇ ಮಿಷನ್ನನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ ಕೂರುತ್ತಿದ್ದೆವು. ಹಾಡು ಮುಗಿದ ಮೇಲೆ ಅಕ್ಕ ಊರಲ್ಲಿ ಕಾಯಿಲೆ ಬಿದ್ದವರ ಹೆಸರನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಿದ್ದರು. ನಮ್ಮವರು, ಬೇರೆಯವರು ಎಂಬ ಭೇದವಿರಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟವರು ಬಸ್ಸು ಹತ್ತುವ ಮುಂಚೆ, "ಅಕ್ಕ, ನನ್ನೆಸ್ರೂ ಸೇರ್ಸು" ಎಂದು ಕೂಗಿ ಹೋಗುವುದಿತ್ತು. ಅವರೇ ಮಾದಪ್ಪನಿಗೂ ಹರಕೆ ಕಟ್ಟಿರುತ್ತಿದ್ದರು.

ಒಂದು ಶನಿವಾರ ಮೂವರು ಹುಡುಗರು ಮನೆ ಮುಂದೆ ಬೈಕು ನಿಲ್ಲಿಸಿದರು. ನಾನು ರವಿಕೆಗೆ ಹುಕ್ಕು ಹಾಕಿಸಲು ಕೂತಿದ್ದೆ. ಮಾತಾಡಿದವನು ನಮ್ಮ ಬೀದಿಯವನೇ.

"ನಾಳಿಂದ ಇಲ್ಲಿ ಯಾರೂ ಸೇರ್ಕೂಡ್ದು ಕಣಕ್ಕ. ಜನುನ್ನ ಮತಾಂತರ ಮಾಡ್ತಿದ್ದೀಯಂತೆ. ಸೇರುದ್ರೆ ನಾವೂ ಬತ್ತೀವಿ."

"ಬಾರ್ಲಾ, ಚಾಪೆ ಅದೆ. ಈಗ ನಿಮ್ಮವ್ವುನ್ ಜಾಕೀಟು ರೆಡಿಯಾಗದೆ, ತಕಂಡೋಗು."

ಅವನು ತಾಯಿಯ ರವಿಕೆ ತೆಗೆದುಕೊಂಡು ಹೋದ. ಬೈಕು ಮರೆಯಾದ ಮೇಲೆ ಅಕ್ಕನಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಮಾರನೆಯ ದಿನ ಎಲ್ಲರೂ ಬಂದೆವು, ಹಿತ್ತಲ ಬಾಗಿಲಿನಿಂದ. ಚಪ್ಪಲಿಗಳನ್ನೂ ಒಳಗೇ ಇಟ್ಟುಕೊಂಡೆವು. ನನ್ನ ಗಂಡ ಪಿಸುಗುಟ್ಟಿದರು: "ಅಕ್ಕ, ಇವತ್ತು ಊರೋರ ಎಸ್ರ ಎತ್ಬ್ಯಾಡಿ. ಅದ್ನೇ ಮತಾಂತರ ಅಂತಾರೆ." ಅಷ್ಟರಲ್ಲಿ ಹೊರಗೆ ಬೈಕು ಬಂದು ನಿಂತಿತು. ಇಂಜಿನ್ ಆರಿಸಲಿಲ್ಲ. ನಾವು ಹಾಡಲೇ ಇಲ್ಲ. ಅಕ್ಕ ಕಣ್ಣು ಮುಚ್ಚಿ, ನಮ್ಮ ಐದು ಮನೆಯವರ ಹೆಸರು ಮಾತ್ರ ಹೇಳಿ, ಆಮೆನ್ ಎಂದರು. ಸದ್ದು ದೂರವಾಯಿತು.

ಅಂದು ಸಂಜೆ ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಆ ಹುಡುಗನ ಮನೆಗೇ ಹೋದರು. ಅವನ ತಾಯಿ ಮಂಡಿನೋವಿನಿಂದ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮಗ ಒಳಗಿದ್ದ. ನನಗೆ ಅಲ್ಲಿಂದ ಓಡಿಬಿಡಬೇಕೆನಿಸಿತು.

"ಇವತ್ತು ನಿನ್ನೆಸ್ರ ಯೋಳ್ನಿಲ್ಲ ಕಣವ್ವ. ಎದ್ರಿಕಂಡ್ಬುಟ್ಟೆ," ಎಂದರು ಅಕ್ಕ.

ಆಕೆ ಒಳಗೆ ಕೇಳುವಷ್ಟು ಜೋರಾಗಿ ಅಂದರು: "ಅದ್ಕೇ ಮದ್ಯಾನದಿಂದ ಈಪಾಟಿ ನೋವು! ಬರೋ ವಾರ ಎಲ್ಡು ಸತಿ ಯೋಳ್ಬುಡು."

ಹಿಂತಿರುಗುವಾಗ ಅಕ್ಕ ನಿಧಾನವಾಗಿ ಹೇಳಿದರು: "ಐದೇ ಮನೆ, ಯಾರ್ಗ್ ಬೇಕು ನಾವು ಅಂದ್ಕಂಡಿದ್ದೆ. ಬೇಕು ಕಣವ್ವ."

ಅಕ್ಕ ಈ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಪ್ರಾರ್ಥನೆ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೈಕುಗಳು ಈಗಲೂ ಒಮ್ಮೊಮ್ಮೆ ಬಂದು ನಿಲ್ಲುತ್ತವೆ. ಊರಿನವರ ಹೆಸರು ಹೇಳುವಾಗ ನನ್ನ ದನಿ ಎಷ್ಟು ಇಳಿಯುತ್ತದೆಂದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ಆದರೆ ಒಬ್ಬರನ್ನೂ ಬಿಟ್ಟಿಲ್ಲ.